ನಲವತ್ತನಾಲ್ಕು ಕೆಜಿ

“ಸ್ವಲ್ಪ ಓರೆ ಮಾಡಿ... ಇನ್ನೂ ಸ್ವಲ್ಪ... ಸಾಕು, ನಿಲ್ಲಿಸಿ,” ಎಂದ ಅಳಿಯ.

ಪೆಟ್ಟಿಗೆಯ ಮುಂದಿನ ಮೂಲೆ ಗೋಡೆಯ ಬಣ್ಣವನ್ನು ಒಂದು ಗೇಣು ಕೆರೆದು ಅಲ್ಲೇ ಕಚ್ಚಿಕೊಂಡಿತು. ಮೂರು ಮಹಡಿ ಹತ್ತಿಸಿ ತಂದ ಖಾಲಿ ಶವಪೆಟ್ಟಿಗೆ ಮನೆಯ ಬಾಗಿಲನ್ನೇನೋ ದಾಟಿತ್ತು. ಹಜಾರದಿಂದ ಮಲಗುವ ಕೋಣೆಗೆ ಹೋಗುವ ಕಿರಿದಾದ ಓಣಿಯಲ್ಲಿ ಮಾತ್ರ, ಹಟ ಹಿಡಿದ ಎಮ್ಮೆಯ ಹಾಗೆ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ ಎಂದು ನಿಂತುಬಿಟ್ಟಿತು.

ಹಿಂದಿನ ತುದಿಯನ್ನು ಇಬ್ಬರು ಮುದುಕರು ಹಿಡಿದಿದ್ದರು. ಒಬ್ಬ ಮರಳಪ್ಪ. ಎರಕದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮರಳಿನಲ್ಲಿ ಅಚ್ಚು ಕಟ್ಟಿದ ಅವನಿಗೆ ತಾಯಿತಂದೆ ಇಟ್ಟ ಹೆಸರು ಬೇರೆ ಇದೆ ಎಂಬುದು ಅವನಿಗೇ ಆಗಾಗ ಮರೆತುಹೋಗುತ್ತಿತ್ತು. ಇನ್ನೊಬ್ಬನನ್ನು ಎಲ್ಲರೂ ಕುಲುಮೆ ಎಂದೇ ಕರೆಯುತ್ತಿದ್ದರು. ಕಬ್ಬಿಣ ಕರಗಿಸಿ ಹೊಯ್ಯುತ್ತಿದ್ದವನು ಅವನು. ಒಳಗೆ ಮಂಚದ ಮೇಲೆ, ಗಡ್ಡ ಹೆರೆಸಿಕೊಂಡು, ಒಗೆದ ಅಂಗಿ ತೊಟ್ಟು ಮಲಗಿದ್ದವರು ಅಚ್ಚಣ್ಣ. ಯಂತ್ರದ ಯಾವ ಭಾಗ ಎರಕವಾಗಬೇಕೋ ಅದನ್ನು ಮೊದಲು ಮರದಲ್ಲಿ ಹಾಗೇ ಕೆತ್ತಿಕೊಡಬೇಕು; ಆ ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕರಗಿದ ಕಬ್ಬಿಣ ಹೊಯ್ಯಬೇಕು. ಕೆತ್ತುವವರು ಅಚ್ಚಣ್ಣ, ಒತ್ತುವವನು ಮರಳಪ್ಪ, ಹೊಯ್ಯುವವನು ಕುಲುಮೆ. ಬಹಳ ಕಾಲ ಆ ಕಾರ್ಖಾನೆ ನಡೆದದ್ದು ಈ ಮೂವರ ಕೈಮೇಲೆ.

“ಅಳತೆ ತಗೊಂಡೇ ಮಾಡಿದ ಪೆಟ್ಟಿಗೆ ಅಂದ ಅಂಗಡಿಯವನು,” ಎಂದ ಮರಳಪ್ಪ, ಏದುಸಿರು ಬಿಡುತ್ತ. “ಯಾರ ಅಳತೆ ತಗೊಂಡನೋ. ಅಚ್ಚಣ್ಣ ಎದ್ದು ಬಂದು ನೋಡಿದ್ದರೆ ಅವನನ್ನ ಪೆನ್ಸಿಲಿನಲ್ಲಿ ಚುಚ್ಚೋರು.”

ಯಾರೂ ನಗಲಿಲ್ಲ. ಆದರೂ ಎಲ್ಲರ ಮುಖ ಕೊಂಚ ಸಡಿಲವಾಯಿತು.

“ಒಂದು ಕಂಬಳಿಯಲ್ಲಿ ಎತ್ಕೊಂಡು ಬಂದು ಹಜಾರದಲ್ಲೇ ಮಲಗಿಸೋಣ ಬಿಡಿ,” ಎಂದ ಅಚ್ಚಣ್ಣನ ಅಳಿಯ.

ಕೋಣೆಯ ಬಾಗಿಲಲ್ಲಿ ಅತ್ತಿಗೆ ಕಾಣಿಸಿಕೊಂಡರು. ಅಚ್ಚಣ್ಣನ ಹೆಂಡತಿ. ನಿನ್ನೆ ಬೆಳಗಿನಿಂದ ಆಕೆ ಅತ್ತದ್ದನ್ನು ಯಾರೂ ನೋಡಿರಲಿಲ್ಲ.

“ಮೂಟೆ ಹೊತ್ತ ಹಾಗೆ ಹೊರಬೇಡಿ ಅವರನ್ನ,” ಎಂದರು. “ಆ ಷೆಲ್ಫ್ ಇಳಿಸಿದರೆ ಜಾಗ ಆಗತ್ತೆ.”

ಓಣಿಯ ಎಡಗೋಡೆಗೆ ನೆಲದಿಂದ ಎದೆಯೆತ್ತರದವರೆಗೆ ಒಂದು ಷೆಲ್ಫ್ ಇತ್ತು. ಅದರ ತುಂಬ ಮರದ ತುಂಡುಗಳು. ಮಾವನ ವಸ್ತುವಿಗೆ ಕೈ ಹಾಕಲು ಅಳಿಯ ಅನುಮಾನಿಸಿದ. “ಅವರು ಅದನ್ನ ನನಗೂ ಮುಟ್ಟೋಕೆ ಬಿಡ್ತಿರಲಿಲ್ಲ,” ಎಂದರು ಅತ್ತಿಗೆ. “ನೀನು ತೆಗಿಯಪ್ಪಾ ಕುಲುಮೆ. ನೀನಾದರೆ ಅವರೇನೂ ಅನ್ನಲ್ಲ.”

ಕುಲುಮೆ ಮಂಡಿಯೂರಿ ಕೂತ. ಅಡುಗೆಮನೆಯಿಂದ ಅಚ್ಚಣ್ಣನ ಮಗಳು ಒಂದು ರಟ್ಟಿನ ಡಬ್ಬ ತಂದುಕೊಟ್ಟಳು. ಅವನು ಮೇಲಿನ ಸಾಲಿನಿಂದ ಒಂದೊಂದೇ ತುಂಡು ಎತ್ತಿ ಡಬ್ಬಕ್ಕೆ ಇಳಿಸತೊಡಗಿದ.

ಎಲ್ಲ ಒಂದೇ ಗಾತ್ರ. ಹಿಡಿಯಲ್ಲಿ ಸರಿಯಾಗಿ ಕೂರುವ ಚೌಕ ತುಂಡುಗಳು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಎತ್ತಿದರೆ ಒಂದೊಂದೂ ಒಂದೊಂದು ಥರ. ಒಂದು ಒಣಗಿದ ಬ್ರೆಡ್ಡಿನ ಹಾಗೆ ಹಗುರ, ಪಕ್ಕದ್ದು ಕಲ್ಲು. ಇವುಗಳಲ್ಲಿ ಎಷ್ಟನ್ನೋ ಅವನೇ ತಂದುಕೊಟ್ಟಿದ್ದ. ‘ಎಲ್ಲಾದರೂ ಬೇರೆ ಮರ ಕಂಡರೆ ಒಂದು ಚೂರು ತಗೊಂಡು ಬಾರಪ್ಪ’ ಎಂದು ಅಚ್ಚಣ್ಣ ಕೇಳುತ್ತಿದ್ದರು. ಏತಕ್ಕೆ ಎಂದು ಒಮ್ಮೆ ಕೇಳಿದಾಗ, ‘ಸುಮ್ಮನೆ, ಕೈ ಖಾಲಿ ಇರಬಾರದಲ್ಲ’ ಎಂದಿದ್ದರು. ಮುದಿ ವಯಸ್ಸಿನ ಗೀಳು, ಅಂಚೆಚೀಟಿ ಕೂಡಿಡುವ ಹಾಗೆ, ಎಂದುಕೊಂಡು ಕುಲುಮೆ ಹೋದಲ್ಲೆಲ್ಲ ತುಂಡು ಆಯ್ದು ತರುತ್ತಿದ್ದ. ಪ್ರತಿ ಭಾನುವಾರ ಈ ಮನೆಯಲ್ಲಿ ಟೀ ಕುಡಿಯುವುದು ಅವನ ರೂಢಿ. ಬರಿಗೈಯಲ್ಲಿ ಬರುವುದಕ್ಕಿಂತ ಅದು ಮೇಲು ಅನ್ನಿಸುತ್ತಿತ್ತು.

ಮೂರನೇ ಸಾಲಿಗೆ ಬಂದಾಗ ತುಂಡುಗಳ ತಳದಲ್ಲಿ ಬರಹವಿರುವುದು ಅವನ ಕಣ್ಣಿಗೆ ಬಿತ್ತು. ಅಚ್ಚಣ್ಣನ ಚೂಪು ಪೆನ್ಸಿಲಿನ ಅಕ್ಷರ. ‘ದೇವದಾರು. ಬೇಸಿಗೆ.’ ಅದರ ಕೆಳಗೆ ತೂಕ, ತಾರೀಕು. ಮುಂದಿನದು, ‘ದೇವದಾರು. ಮಳೆಗಾಲ.’ ಅದರ ಮುಂದಿನದು, ‘ದೇವದಾರು. ಒಂದು ದಿನ ನೀರಿನಲ್ಲಿ ನೆನೆಸಿದ್ದು.’ ಆಮೇಲೆ ತೇಗ, ತೇಗದ ತಿರುಳು, ತೇಗದ ಹೊರಪದರ, ಗಂಟಿರುವ ತೇಗ. ಪ್ರತಿಯೊಂದಕ್ಕೂ ತೂಕ.

ದೇವದಾರು ಮತ್ತು ತೇಗ. ಕುಲುಮೆಯ ಕೈ ನಿಂತಿತು.

*

ಕೆಲಸಕ್ಕೆ ಸೇರಿದ ಮೊದಲ ದಿನ ಅವನಿಗೆ ಇಪ್ಪತ್ತೊಂದು ವರ್ಷ. ಹೊಸಬರನ್ನು ಮರಗೆಲಸದ ಕೋಣೆಗೆ ಒಮ್ಮೆ ಕಳಿಸುವುದು ಅಲ್ಲಿನ ತಮಾಷೆ. ಬೆಂಚಿನ ಮೇಲೆ ಬೂದುಬಣ್ಣ ಬಳಿದ ಎರಡು ದಿಮ್ಮಿಗಳಿದ್ದವು. ಒಂದೇ ಉದ್ದ, ಒಂದೇ ಅಗಲ.

“ಆ ಬಲಗಡೆಯದನ್ನ ಎತ್ತಿ ಕೊಡಪ್ಪ,” ಎಂದರು ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡಿದ್ದ ಅಚ್ಚಣ್ಣ.

ಅವನು ಹಿಡಿದು ಎಳೆದ. ದಿಮ್ಮಿ ಅಲುಗಲಿಲ್ಲ. ಎರಡು ಕೈ ಹಾಕಿ, ಮುಖ ಕೆಂಪು ಮಾಡಿಕೊಂಡು ಎತ್ತಿದ.

“ಭೇಷ್. ಈಗ ಎಡಗಡೆಯದು.”

ಅಷ್ಟೇ ಬಲ ಹಾಕಿ ಅದನ್ನೂ ಎಳೆದ. ಅದು ಹಕ್ಕಿಯ ಹಾಗೆ ಹಾರಿಬಂದು ಅವನ ಗಲ್ಲಕ್ಕೇ ಬಡಿಯಿತು. ಬಾಗಿಲಲ್ಲಿ ಕಾದು ನಿಂತಿದ್ದ ಮರಳಪ್ಪ ಬಿದ್ದು ಬಿದ್ದು ನಕ್ಕ. ಅಚ್ಚಣ್ಣ ನಗಲಿಲ್ಲ, ಗಲ್ಲ ಒರೆಸಿಕೊಳ್ಳಲು ಬಟ್ಟೆ ಕೊಟ್ಟರು.

“ಒಂದು ಕಬ್ಬಿಣ, ಒಂದು ದೇವದಾರು. ಗಾತ್ರ ಒಂದೇ, ತೂಕ ಒಂದಕ್ಕೆ ಹದಿನಾರು. ನಾನು ಮರದ ಮಾದರಿ ತೂಕ ಹಾಕಿ ಹದಿನಾರರಿಂದ ಗುಣಿಸಿ ನಿನಗೆ ಚೀಟಿ ಬರೆದುಕೊಡ್ತೀನಿ. ನೀನು ಅಷ್ಟು ಕಬ್ಬಿಣ ಕರಗಿಸಬೇಕು. ತೇಗ ಆದರೆ ಹನ್ನೊಂದರಿಂದ. ಕಣ್ಣು ನಂಬಬೇಡ, ಕೈ ನಂಬು.” ಮತ್ತೆ ತಮ್ಮ ಮಾತನ್ನು ತಾವೇ ತಿದ್ದಿದರು. “ಕೈಯನ್ನೂ ನಂಬಬೇಡ. ತಕ್ಕಡಿಗೆ ಹಾಕು.”

ಅಂದಿನಿಂದ ಅವನು ಅವರನ್ನು ಅಣ್ಣ ಎಂದ.

*

ಕೆಳಗಿನ ಸಾಲಿನಲ್ಲಿ, ತುಂಡುಗಳ ಹಿಂದೆ, ಒಂದು ಉದ್ದನೆಯ ನೋಟ್‌ಬುಕ್ಕಿತ್ತು. ತೆಗೆದು ಡಬ್ಬದಲ್ಲಿ ಇಟ್ಟರೆ ಆಗುತ್ತಿತ್ತು. ಕುಲುಮೆ ತೆರೆದ.

ಮೊದಲ ಪುಟದಲ್ಲಿ ಒಂದು ಚಕ್ರದ ಚಿತ್ರ. ಸುತ್ತಿನ ಭಾಗ ದೇವದಾರು, ಹನ್ನೆರಡು ಕೆಜಿ. ನಡುವಿನ ಗುಂಬ ತೇಗ, ಹತ್ತು ಕೆಜಿ. ಹನ್ನೆರಡು ಹದಿನಾರಲೆ ನೂರ ತೊಂಬತ್ತೆರಡು. ಹತ್ತು ಹನ್ನೊಂದಲೆ ನೂರ ಹತ್ತು. ಒಟ್ಟು ಮುನ್ನೂರ ಎರಡು. ಹೊಯ್ಯುವ ಹಾದಿಯಲ್ಲಿ ಉಳಿಯುವುದು, ಸೋರುವುದು ಮೂವತ್ತೆಂಟು. ಮುನ್ನೂರ ನಲವತ್ತು.

ಅದರ ಕೆಳಗೆ: ‘ಸಾಲದೆ ಬಂದದ್ದು, ಅಳತೆಯ ಪ್ರಕಾರ, ನಲವತ್ತನಾಲ್ಕು ಕೆಜಿ. ಎಲ್ಲಿ ತಪ್ಪಿದೆ?’

ಮುಂದಿನ ಪುಟದಲ್ಲಿ ಅದೇ ಚಕ್ರ. ಈ ಸಲ ದೇವದಾರು ತೇವವಾಗಿತ್ತು ಎಂದಿಟ್ಟುಕೊಂಡು ಲೆಕ್ಕ. ‘ತೇವ ಇದ್ದರೆ ಮರ ಭಾರ, ನನ್ನ ಲೆಕ್ಕ ಜಾಸ್ತಿ ಬರಬೇಕು, ಕಮ್ಮಿ ಅಲ್ಲ. ಇದಲ್ಲ.’ ಅದರ ಮುಂದಿನ ಪುಟದಲ್ಲಿ ತೇಗ ಎಳೆಯದಾಗಿತ್ತು ಎಂದಿಟ್ಟುಕೊಂಡು. ‘ಹತ್ತು ಕೆಜಿ ಸಿಗಬಹುದು, ನಲವತ್ತನಾಲ್ಕಲ್ಲ.’ ಪುಟ ಪುಟಕ್ಕೂ ಚಕ್ರ. ‘ಮತ್ತೆ ಮುನ್ನೂರ ನಲವತ್ತೇ.’ ‘ಮತ್ತೆ ಅದೇ.’ ತಾರೀಕುಗಳು ಇಪ್ಪತ್ತೆರಡು ವರ್ಷ ಹಿಂದಿನಿಂದ ಶುರುವಾಗಿದ್ದವು. ಕೊನೆಯದು ಹದಿನೆಂಟು ದಿನದ ಹಿಂದಿನದು. ಅಕ್ಷರ ನಡುಗಿ ಸಾಲು ಬಿಟ್ಟು ಇಳಿದಿತ್ತು. ‘ಮರದಲ್ಲಿ ತಪ್ಪಿಲ್ಲ. ನಾನೇ ಎಲ್ಲೋ ಎಣಿಸುವಾಗ ತಪ್ಪಿರಬೇಕು.’

“ಆಯ್ತಾ ಚಿಕ್ಕಪ್ಪ?” ಎಂದಳು ಮಗಳು ಹಿಂದಿನಿಂದ.

“ಆಯ್ತಮ್ಮ,” ಎಂದ. ನೋಟ್‌ಬುಕ್ಕನ್ನು ತುಂಡುಗಳ ಅಡಿಗೆ ಇಟ್ಟು ಎದ್ದ.

*

ಆ ಚಕ್ರ ಒಂದು ದೊಡ್ಡ ಒತ್ತುಯಂತ್ರದ್ದು. ಅಚ್ಚಣ್ಣ ಅದರ ಮಾದರಿಗೆ ಹದಿನಾಲ್ಕು ದಿನ ತಗೊಂಡಿದ್ದರು. ಚೀಟಿಯಲ್ಲಿ ಮುನ್ನೂರ ನಲವತ್ತು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ಕೊಟ್ಟಿದ್ದರು.

ಕಾರ್ಖಾನೆಯ ತಕ್ಕಡಿ ಅಂಗಳದ ಆಚೆ ತುದಿಯಲ್ಲಿತ್ತು. ಕುಲುಮೆಗೆ ಅಷ್ಟು ದೂರ ಹೋಗಿಬರುವುದು ಯಾವತ್ತೂ ಬೇಸರ. ಗುಜರಿ ಕಬ್ಬಿಣ ತುಂಬುವ ಬುಟ್ಟಿಗೆ, ಒಡೆದ ಕಬ್ಬಿಣವಾದರೆ, ಮೂವತ್ತನಾಲ್ಕು ಕೆಜಿ ಹಿಡಿಸುತ್ತದೆ ಎಂದು ಅವನಿಗೆ ಗೊತ್ತಿತ್ತು. ಹತ್ತು ಬುಟ್ಟಿ ಅಂದರೆ ಮುನ್ನೂರ ನಲವತ್ತು. ಎಣಿಸಿದರೆ ಆಯಿತು. ವರ್ಷಗಟ್ಟಲೆ ಹಾಗೇ ಎಣಿಸಿದ್ದ, ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಅವತ್ತು ಎಂಟು ಬುಟ್ಟಿಗೆ ಒಡೆದ ಕಬ್ಬಿಣ ಮುಗಿಯಿತು. ಪಕ್ಕದಲ್ಲಿ ಕಬ್ಬಿಣ ಹೆರೆಯುವ ಲೇತಿನಿಂದ ಬಂದ ಸುರುಳಿಗಳ ರಾಶಿಯಿತ್ತು. ಪೆನ್ಸಿಲು ಹೆರೆದ ಸಿಪ್ಪೆಯ ಹಾಗೆ ಸುತ್ತಿಕೊಂಡ ತೆಳು ಕಬ್ಬಿಣ. ಒಲೆಗೆ ಗಾಳಿ ಊದುವುದನ್ನು ಆಗಲೇ ಶುರು ಮಾಡಿದ್ದರು, ಇನ್ನು ಕಾಯುವ ಹಾಗಿರಲಿಲ್ಲ. ಕಬ್ಬಿಣ ಕಬ್ಬಿಣವೇ ತಾನೇ ಎಂದುಕೊಂಡು ಅವನು ಉಳಿದೆರಡು ಬುಟ್ಟಿಗೆ ಸುರುಳಿ ತುಂಬಿ, ಕಾಲಿಂದ ತುಳಿದು, ಸುರಿದ. ಹತ್ತಾಯಿತು.

ಹೊಯ್ಯುವಾಗ ಚಕ್ರದ ಗುಳಿ ತುಂಬುತ್ತ ತುಂಬುತ್ತ ಬಂತು. ಮೇಲೆ ನಾಲ್ಕು ಬೆರಳು ಬಾಕಿ ಇರುವಾಗ ಧಾರೆ ತೆಳುವಾಯಿತು. ಮರಳಪ್ಪ, “ಬಿಡು, ಬಿಡು, ನಿಲ್ಲಿಸಬೇಡ,” ಎಂದು ಕೂಗುತ್ತಿದ್ದ. ಬಿಡುವುದಕ್ಕೆ ಏನೂ ಉಳಿದಿರಲಿಲ್ಲ. ಕೊನೆಯ ಹನಿಗಾಗಿ ಕುಲುಮೆ ಸೌಟನ್ನು ಪೂರ್ತಿ ಬಗ್ಗಿಸಿದ. ಅಂಚಿಗೆ ಅಂಟಿದ್ದ ಕೆಂಪು ತುಣುಕೊಂದು ಕಳಚಿ ಅವನ ಎಡ ಮುಂಗೈ ಮೇಲೆ ಬಿತ್ತು.

ಕೈಗೆ ಬಟ್ಟೆ ಸುತ್ತಿ ಕೂರಿಸಿದ್ದಾಗ ಯಜಮಾನರು ಬಂದರು. “ಎಷ್ಟು ಹಾಕಿದೆ?”

“ಚೀಟಿಯಲ್ಲಿ ಇದ್ದಷ್ಟು,” ಎಂದ. ನೋವಿನಲ್ಲಿ ಬಂದ ಮಾತು. ಆ ಕ್ಷಣಕ್ಕೆ ಅವನಿಗೆ ಅದು ಸುಳ್ಳು ಅಂತಲೂ ಅನ್ನಿಸಲಿಲ್ಲ.

ಅಚ್ಚಣ್ಣ ಬಿಳಿಚಿಕೊಂಡ ಮುಖದಲ್ಲಿ ಅವನ ಕೈಯನ್ನೇ ನೋಡುತ್ತಿದ್ದರು. “ಹಾಗಾದರೆ ನನ್ನ ಲೆಕ್ಕ ತಪ್ಪಿರಬೇಕು,” ಎಂದರು. “ಎರಡು ಥರದ ಮರ ಹಾಕಿದ್ದೆ.” ಅಷ್ಟು ಹೇಳಿ ಅಳತೆಪಟ್ಟಿ ತಗೊಂಡು ಹೋಗಿ, ಎಷ್ಟು ಸಾಲದೆ ಬಂದಿದೆ ಎಂದು ಅಳೆಯತೊಡಗಿದರು.

ಮನೆ ಸೇರುವ ಹೊತ್ತಿಗೆ ಕುಲುಮೆಗೆ ಎಲ್ಲ ಹೊಳೆದಿತ್ತು. ಆ ಚಕ್ರವನ್ನು ತಕ್ಕಡಿಗೆ ಹಾಕಿದರೆ ಸಾಕು, ಬುಟ್ಟಿಯ ಗುಟ್ಟು ರಟ್ಟಾಗುತ್ತದೆ. ಮರುದಿನ ಉಳಿದವರಿಗಿಂತ ಒಂದು ಗಂಟೆ ಮುಂಚೆ ಹೋದ. ಇಬ್ಬರು ಕೂಲಿಯವರ ಕೈಲಿ ಸುತ್ತಿಗೆ ಕೊಟ್ಟು ಚಕ್ರವನ್ನು ಒಡೆಸಿದ. ಚೂರುಗಳು ಕಬ್ಬಿಣ ಕರಗಿಸುವ ಒಲೆಯ ಬಾಯಿಗೆ ಬಿದ್ದವು.

ಅಚ್ಚಣ್ಣ ಎಂಟಕ್ಕೆ ಬಂದರು. ರಾತ್ರಿ ನಿದ್ದೆ ಮಾಡಿದ ಕಣ್ಣಲ್ಲ ಅದು. “ಆ ಚಕ್ರ ಎಲ್ಲಪ್ಪಾ? ಒಮ್ಮೆ ತೂಕ ಹಾಕೋಣ. ಆಗ ಗೊತ್ತಾಗತ್ತೆ.”

“ಹೋಯ್ತಲ್ಲ ಅಣ್ಣ. ಜಾಗ ಖಾಲಿ ಮಾಡು ಅಂದರು, ಒಡೆದು ಹಾಕಿದೆ.”

“ಹೌದಾ,” ಎಂದರು. ಆಮೇಲೆ, “ಕೈ ಹೇಗಿದೆ ನಿಂದು?” ಎಂದು ಕೇಳಿದರು.

ಹೇಳಬೇಕು ಎಂದು ಅವನು ಎಷ್ಟೋ ಸಲ ಅಂದುಕೊಂಡ. ಕೈ ವಾಸಿಯಾಗಲಿ ಎಂದುಕೊಂಡ. ಈ ತಿಂಗಳು ಕಳೆಯಲಿ ಎಂದುಕೊಂಡ. ಅಷ್ಟರಲ್ಲಿ ಅಚ್ಚಣ್ಣನೇ ಹೋಗಿ, ಇನ್ನು ಮೇಲೆ ತೂಕದ ಚೀಟಿ ನನ್ನ ಕೈಲಿ ಬರೆಸಬೇಡಿ ಎಂದು ಯಜಮಾನರಿಗೆ ಹೇಳಿಬಿಟ್ಟಿದ್ದರು. ಚೀಟಿ ಬರೆಯದ ಮಾದರಿಗಾರ ಯಾರಿಗೆ ಬೇಕು. ಅವರನ್ನು ಸಾಗಣೆಯ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಕಡೆ ಹಾಕಿದರು. ಕೂದಲೆಳೆಯಷ್ಟು ವ್ಯತ್ಯಾಸ ಸಹಿಸದ ಕೈ ಹತ್ತು ವರ್ಷ ಹಲಗೆಗೆ ಮೊಳೆ ಹೊಡೆಯಿತು. ಮೂರು ವರ್ಷಕ್ಕೆ ಕುಲುಮೆ ಫೋರ್‌ಮನ್ ಆದ. ಫೋರ್‌ಮನ್ ಆದಮೇಲೆ ಅವನು ಪ್ರತಿ ಬುಟ್ಟಿಯನ್ನೂ ತಕ್ಕಡಿಗೆ ಹಾಕಿಸುತ್ತಿದ್ದ. ಬಹಳ ಕಟ್ಟುನಿಟ್ಟಿನ ಮನುಷ್ಯ ಎಂದು ಹೆಸರು ಬಂತು.

*

ಸ್ಮಶಾನಕ್ಕೆ ಹೋಗುವ ವ್ಯಾನಿನಲ್ಲಿ ಮಗಳು ಅವನ ಪಕ್ಕ ಕೂತಳು. ಅವಳು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ.

“ಸಾಂದ್ರತೆ ಪಾಠ ಬಂದಾಗಲೆಲ್ಲ ಅಪ್ಪನ ತುಂಡುಗಳನ್ನ ಕೇಳ್ತಿದ್ದೆ ಚಿಕ್ಕಪ್ಪ, ಮಕ್ಕಳಿಗೆ ತೋರಿಸೋಕೆ. ಒಂದು ಸಲವೂ ಕೊಡಲಿಲ್ಲ,” ಎಂದಳು. “ಆದರೆ ನನಗೆ ಆ ಪಾಠ ತಲೆಗೆ ಹತ್ತಿದ್ದು ಅಪ್ಪನಿಂದಾನೇ. ಪುಸ್ತಕ ಓದಿ ಓದಿ ಅಳ್ತಾ ಕೂತಿದ್ದೆ. ಅಪ್ಪ ಅಂದರು, ‘ಮಗಳೇ, ಎರಡು ಮನೆ ಒಂದೇ ಅಳತೆ. ಒಂದರಲ್ಲಿ ಗಂಡ ಹೆಂಡತಿ ಇಬ್ಬರೇ. ಇನ್ನೊಂದರಲ್ಲಿ ಅಜ್ಜಿ, ದೊಡ್ಡಪ್ಪ, ಅತ್ತೆ, ಹನ್ನೆರಡು ಮಕ್ಕಳು. ಹೊರಗಿಂದ ನೋಡಿದರೆ ಮನೆ ಒಂದೇ. ಒಳಗೆ ಎಷ್ಟು ಒತ್ತಿಕೊಂಡಿದ್ದಾರೆ ಅನ್ನೋದೇ ನಿನ್ನ ಸಾಂದ್ರತೆ.’ ಇವತ್ತಿಗೂ ನಾನು ಹಾಗೇ ಹೇಳಿಕೊಡೋದು.”

ಕುಲುಮೆ ತಲೆಯಾಡಿಸಿದ. ಅವಳ ಕಣ್ಣು ಅವನ ಎಡ ಮುಂಗೈಯ ಬಿಳಿ ಕಲೆಯ ಮೇಲೆ ಇಳಿಯಿತು.

“ಇನ್ನೊಂದು ಹೇಳಬಾರದೇನೋ. ನೀವು ಬಂದುಹೋದ ಮೇಲೆ ಅಪ್ಪ ಸರಿಯಾಗಿ ಊಟ ಮಾಡ್ತಿರಲಿಲ್ಲ. ‘ನನ್ನ ತಪ್ಪಿಗೆ ಅವನ ಕೈ ಸುಟ್ಟಿತು, ಕಣ್ಣೇ ಹೋಗಬಹುದಿತ್ತು’ ಅಂತ ಅಮ್ಮನ ಹತ್ತಿರ ಹೇಳ್ಕೊಳ್ಳೋರು. ನಿಮ್ಮ ಮುಂದೆ ಮಾತ್ರ ಎತ್ತಬೇಡಿ ಅಂತ ಕಟ್ಟಪ್ಪಣೆ. ನಿಮಗೆ ನೋವಾಗತ್ತೆ ಅಂತ.”

ಅವನು ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡ. ವ್ಯಾನು ತಿರುವಿನಲ್ಲಿ ವಾಲಿತು. ಇಪ್ಪತ್ತೆರಡು ವರ್ಷದ ಭಾನುವಾರಗಳು. ಪ್ರತಿ ಭಾನುವಾರವೂ ಈ ಕೈಯಿಂದಲೇ ಟೀ ಲೋಟ ಎತ್ತಿದ್ದ.

ಗುಂಡಿಯ ಸುತ್ತ ಇಪ್ಪತ್ತೈದು ಮೂವತ್ತು ಜನ ಸೇರಿದ್ದರು. ಕಾರ್ಖಾನೆಯಿಂದ ಹಳಬರು ಬಂದಿದ್ದರು, ಈಗಿನ ಫೋರ್‌ಮನ್ನೂ ಬಂದಿದ್ದ. ಅತ್ತಿಗೆಗೆ ಯಾರೋ ಒಂದು ಕುರ್ಚಿ ಹಾಕಿದ್ದರು. ಪೆಟ್ಟಿಗೆ ಇಳಿಸಿದ ಮೇಲೆ, ಜೊತೆಯವರು ಯಾರಾದರೂ ಎರಡು ಮಾತಾಡಲಿ ಎಂದರು. ಮರಳಪ್ಪ ಮುಂದೆ ಬಂದ.

“ನನಗೆ ಮಾತು ಬರಲ್ಲ, ಮರಳು ಬರತ್ತೆ,” ಎಂದ. “ಒಂದು ಹೇಳ್ತೀನಿ. ನಾವೆಲ್ಲ ದಿನಕ್ಕೊಂದು ತಪ್ಪು ಮಾಡಿ, ಮನೆಗೆ ಹೋಗಿ ಗಡದ್ದಾಗಿ ಉಂಡು ಮಲಗ್ತಿದ್ದೋರು. ಅಚ್ಚಣ್ಣ ಇಡೀ ಜನ್ಮದಲ್ಲಿ ತಪ್ಪಿದ್ದು ಒಂದೇ ಸಲ. ಒಂದು ಚಕ್ರ. ಬೇರೆಯವರಾಗಿದ್ದರೆ ಮರದ ಮೇಲೆ ಹಾಕೋರು, ಮರಳಿನ ಮೇಲೆ ಹಾಕೋರು, ನನ್ನ ಮೇಲೂ ಹಾಕೋರು. ಇವರು ನಿಂತಲ್ಲೇ ನಿಂತು ನನ್ನ ತಪ್ಪು ಅಂದರು. ಅಂಥ ಮನುಷ್ಯ.” ಹಿಂದೆ ಸರಿದು ಕುಲುಮೆಯನ್ನು ಮುಂದಕ್ಕೆ ತಳ್ಳಿದ.

ಕುಲುಮೆ ಗುಂಡಿಯ ಅಂಚಿನಲ್ಲಿ ನಿಂತ. ಅಗೆದ ಮಣ್ಣು ಎರಡು ಬದಿಗೂ ಹಸಿಯಾಗಿ ಗುಡ್ಡೆ ಬಿದ್ದಿತ್ತು.

“ಮರಳಪ್ಪ ಹೇಳಿದ್ದು ತಪ್ಪು,” ಎಂದ. “ಅಣ್ಣ ಆ ಒಂದು ಸಲವೂ ತಪ್ಪಿಲ್ಲ. ಅವರು ಮುನ್ನೂರ ನಲವತ್ತು ಅಂತ ಬರೆದುಕೊಟ್ಟಿದ್ದರು. ನಾನು ತೂಕ ಹಾಕಲಿಲ್ಲ, ಬುಟ್ಟಿ ಎಣಿಸಿದೆ. ಎರಡು ಬುಟ್ಟಿಯಲ್ಲಿ ಲೇತಿನ ಸುರುಳಿ ಇತ್ತು. ಅದರಲ್ಲಿ ಮುಕ್ಕಾಲು ಗಾಳಿ. ಗೊತ್ತಾಗಬಾರದು ಅಂತ ಬೆಳಿಗ್ಗೆ ಬೇಗ ಹೋಗಿ ಚಕ್ರ ಒಡೆಸಿದ್ದೂ ನಾನೇ. ಅವರು ತೂಕ ಹಾಕೋಣ ಅಂತ ಬಂದರು. ನಾನು ಸುಳ್ಳು ಹೇಳಿದೆ.”

ಅಷ್ಟು ಹೇಳಿ ಜನರ ಕಡೆ ತಿರುಗಿದ.

ಅವನು ಕಾದ. ಬೈಯಲಿ, ಕಲ್ಲು ಎತ್ತಿ ಹೊಡೆಯಲಿ ಎಂದು ಕಾದ. ಹಿಂದಿನಿಂದ ಮರಳಪ್ಪನ ಕೈ ಅವನ ಭುಜದ ಮೇಲೆ ಬಂತು.

“ಸಾಕು ಬಿಡೋ,” ಎಂದ ಮರಳಪ್ಪ ಮೆಲ್ಲಗೆ. “ದೊಡ್ಡ ಮನಸ್ಸು ನಿಂದು. ಹೋದವರ ಹೆಸರಿಗೆ ಒಂದು ಚುಕ್ಕೆಯೂ ಇರಬಾರದು ಅಂತ ತಾನೇ?”

“ಅಲ್ಲ ಮರಳಪ್ಪಾ, ನಿಜ ಹೇಳ್ತಿದ್ದೀನಿ.”

“ನಾನು ಅವತ್ತು ಅಲ್ಲೇ ಇದ್ದೆನಲ್ಲಪ್ಪ. ಎಷ್ಟು ಹಾಕಿದೆ ಅಂತ ಯಜಮಾನರು ಕೇಳಿದ್ದು, ನೀನು ಹೇಳಿದ್ದು ನನ್ನ ಕಿವಿಯಲ್ಲೇ ಇದೆ. ಬಾ ಈ ಕಡೆ.”

ಈಗಿನ ಫೋರ್‌ಮನ್ ಕಣ್ಣೊರೆಸಿಕೊಳ್ಳುತ್ತ ಪಕ್ಕದವನಿಗೆ, “ಇಂಥ ಸ್ನೇಹ ಈಗಿನ ಕಾಲದಲ್ಲಿ ಎಲ್ಲಿ ನೋಡೋಕೆ ಸಿಗತ್ತೆ,” ಎಂದ. ಅದು ಕುಲುಮೆಗೂ ಕೇಳಿಸಿತು. ಮಗಳು ಬಂದು ಅವನ ಎಡಗೈ ಹಿಡಿದುಕೊಂಡಳು.

“ಅಪ್ಪ ಇದ್ದಿದ್ದರೆ ಬೈತಿದ್ದರು ಚಿಕ್ಕಪ್ಪ. ಅವರ ಭಾರ ಇನ್ನೊಬ್ಬರು ಹೊರೋದು ಅವರಿಗೆ ಆಗ್ತಿರಲಿಲ್ಲ.”

“ನಾನು ಒಡೆಸಿದೆ ಕಣಮ್ಮ.”

“ಹೂಂ ಚಿಕ್ಕಪ್ಪ,” ಎಂದಳು ಅವಳು, ಜ್ವರ ಬಂದ ಮಗುವಿನ ಮಾತಿಗೆ ಹೂಂಗುಟ್ಟುವ ಹಾಗೆ. ಅವನ ಬೆನ್ನು ಸವರಿದಳು.

ಮಣ್ಣು ಹಾಕಲು ಶುರು ಮಾಡಿದರು. ಇಪ್ಪತ್ತೆರಡು ವರ್ಷದ ಹಿಂದೆ ಹೇಳಿದ ಸುಳ್ಳನ್ನು ಜನ ಒಂದೇ ಏಟಿಗೆ ನಂಬಿದ್ದರು. ನಿಜವನ್ನು ಹೊರಗಿಟ್ಟರೆ ಅದನ್ನು ಕೈಯಲ್ಲಿ ಹಿಡಿದು ನೋಡುವವರೂ ಇರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಅತ್ತಿಗೆ ಮಾತ್ರ ಗುಂಡಿಯ ಕಡೆ ನೋಡುತ್ತಿರಲಿಲ್ಲ. ಅವನನ್ನು ನೋಡುತ್ತಿದ್ದರು.

*

ಸಂಜೆ ನಾಲ್ಕರ ಹೊತ್ತಿಗೆ ಬಂದವರ ಗುಂಪು ಕರಗಿತು. ಮರಳಪ್ಪ ಮಂಡಿನೋವು ಎಂದು ಬೇಗ ಹೊರಟ. ಅಳಿಯ ಬಾಡಿಗೆ ಕುರ್ಚಿಗಳನ್ನು ಹಿಂದಿರುಗಿಸಲು ಕೆಳಗೆ ಹೋದ. ಮಗಳು ಸ್ನಾನಕ್ಕೆ ಹೋದಳು. ಕುಲುಮೆ ಹಜಾರದಲ್ಲಿ ಒಬ್ಬನೇ ಕೂತಿದ್ದ. ಅತ್ತಿಗೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತರು.

“ಬುಟ್ಟಿಗೆ ಎಷ್ಟು ಹಿಡಿಸ್ತಿತ್ತು?” ಎಂದು ಕೇಳಿದರು.

ಅವನಿಗೆ ಮೊದಲು ಅರ್ಥವಾಗಲಿಲ್ಲ.

“ಒಡೆದ ಕಬ್ಬಿಣ ಆದರೆ ಎಷ್ಟು?”

“ಮೂವತ್ತನಾಲ್ಕು ಕೆಜಿ, ಅತ್ತಿಗೆ.”

“ಸುರುಳಿ?”

“ತುಳಿದು ತುಂಬಿದರೆ ಹನ್ನೆರಡು.”

“ಹನ್ನೆರಡು ಅಂತ ಹೇಗೆ ಗೊತ್ತು? ನೀನು ತೂಕ ಹಾಕಿರಲಿಲ್ಲವಲ್ಲ.”

“ಆಮೇಲೆ ಹಾಕಿದೆ. ಮಾರನೇ ವಾರ. ಯಾರೂ ಇಲ್ಲದಾಗ.”

ಅತ್ತಿಗೆ ತೊಡೆಯ ಮೇಲೆ ಬೆರಳು ಮಡಚಿದರು. ಬಹಳ ಹೊತ್ತು ಬೇಕಾಗಲಿಲ್ಲ. ಇಪ್ಪತ್ತೆರಡು ವರ್ಷ ಊಟದ ತಟ್ಟೆಯ ಮುಂದೆ, ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಆ ಚಕ್ರದ ಲೆಕ್ಕ ಕೇಳಿಸಿಕೊಂಡವರು ಅವರು. ಹದಿನಾರರ ಮಗ್ಗಿ ಅವರಿಗೆ ಬಾಯಿಪಾಠವಾಗಿತ್ತು.

“ಒಂದಕ್ಕೆ ಇಪ್ಪತ್ತೆರಡು ಕಮ್ಮಿ,” ಎಂದರು. “ಎರಡಕ್ಕೆ ನಲವತ್ತನಾಲ್ಕು.”

“ಹೌದು.”

“ಸರಿಯಾಗಿ ನಲವತ್ತನಾಲ್ಕು.”

“ಹೌದು ಅತ್ತಿಗೆ.”

ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಬರುತ್ತಿತ್ತು. ಅತ್ತಿಗೆ ಆ ಕಡೆ ಕಿವಿಗೊಟ್ಟವರಂತೆ ಕೂತಿದ್ದರು.

“ಹೋದ ತಿಂಗಳು ಡಾಕ್ಟರು ಇನ್ನು ಬಹಳ ದಿನ ಇಲ್ಲ ಅಂದ ಮೇಲೆ ಒಂದು ದಿನ ಅತ್ತರು,” ಎಂದರು. “ಸಾಯ್ತೀನಿ ಅಂತ ಅಲ್ಲ. ಅದು ಸಿಗದೇನೇ ಹೋಗ್ತೀನಲ್ಲ ಅಂತ. ನಾನು ಬೈದೆ. ಒಂದು ಚಕ್ರಕ್ಕೆ ಇಷ್ಟಾ ಅಂದೆ. ನನ್ನ ಬಾಯಿಂದ ಅವರು ಕೇಳಿಸಿಕೊಂಡ ಕೊನೇ ಬೈಗುಳ ಅದು.”

ಅವನು ಕುರ್ಚಿಯಿಂದ ಜಾರಿ ಅವರ ಕಾಲಿನ ಹತ್ತಿರ ನೆಲಕ್ಕೆ ಇಳಿಯಲು ಹೋದ. ಅತ್ತಿಗೆ ಕಾಲನ್ನು ಹಿಂದಕ್ಕೆ ಸರಿಸಿದರು.

“ಅದೆಲ್ಲ ಬೇಡ,” ಎಂದರು. “ಹೋದ ಭಾನುವಾರ ಬಂದಿದ್ದಾಗ ಹೇಳಿದ್ದರೂ ಆಗ್ತಿತ್ತು. ಅವರಿಗೆ ಜ್ಞಾನ ಇತ್ತು. ನಿಮ್ಮ ಕೈ ಹಿಡ್ಕೊಂಡಿದ್ದರು.”

ನಿಮ್ಮ ಎಂದರು. ನಲವತ್ತಕ್ಕೂ ಹೆಚ್ಚು ವರ್ಷದಲ್ಲಿ ಆಕೆ ಅವನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಬೇಕೆಂದು ಮಾಡಿದ್ದಲ್ಲ ಎಂಬುದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾಲಿಗೆ ತಾನಾಗಿ ದೂರ ಸರಿದಿತ್ತು.

“ಕತ್ತಲಾಗೋದರೊಳಗೆ ಮನೆ ಸೇರಿ,” ಎಂದು ಹೇಳಿ ಅವರು ಎದ್ದರು.

ಅವನೂ ಎದ್ದ. ಬಾಗಿಲ ಬಳಿ ಹೋಗಿ ಚಪ್ಪಲಿಗೆ ಕಾಲು ಹಾಕಿದ. ಒಂದು ಕಾಲಿಗೆ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ತಡಕಾಡುತ್ತ ತಿರುಗಿದಾಗ, ಓಣಿಯಾಚೆ ತೆರೆದೇ ಇದ್ದ ಕೋಣೆ ಪೂರ್ತಿ ಕಂಡಿತು.

ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿದ್ದರು, ಹಲಗೆ ಬರಿದಾಗಿತ್ತು. ಅತ್ತಿಗೆ ಮಂಚವನ್ನು ಬಳಸಿಕೊಂಡು ಆಚೆ ಬದಿಗೆ ಹೋದರು. ಅಚ್ಚಣ್ಣನಿಗೆ ಈಚಿನ ವರ್ಷಗಳಲ್ಲಿ ಬಲಗಿವಿ ಮಾತ್ರ ಅಷ್ಟಿಷ್ಟು ಕೇಳಿಸುತ್ತಿತ್ತು. ಅವರೊಂದಿಗೆ ಮಾತಾಡಬೇಕಾದವರು ಆ ಬದಿಗೇ ಹೋಗಬೇಕಿತ್ತು. ಅತ್ತಿಗೆ ಅಲ್ಲಿ ಮಂಚದ ಅಂಚಿನಲ್ಲಿ ಕೂತು, ತಲೆದಿಂಬು ಇರುತ್ತಿದ್ದ ಜಾಗಕ್ಕೆ ಬಾಗಿದರು.

“ರೀ,” ಎಂದರು. “ಎರಡು ಬುಟ್ಟಿ ಸುರುಳಿಯಂತೆ. ನಲವತ್ತನಾಲ್ಕು ಅಲ್ಲಿ ಹೋಯಿತಂತೆ. ನಿಮ್ಮದು ಸರಿ ಇತ್ತು.”

ಸ್ವಲ್ಪ ಹೊತ್ತು ಕಾದರು. ಆಮೇಲೆ, ಕೇಳಿಸಲಿಲ್ಲವೇನೋ ಎಂಬಂತೆ, ಇನ್ನೂ ಹತ್ತಿರಕ್ಕೆ ಬಾಗಿ, ದನಿ ಏರಿಸಿ, ಮೊದಲಿನಿಂದ ಮತ್ತೆ ಹೇಳತೊಡಗಿದರು.